ಕೊಡೆಕಲ್ಲು ಗುಡ್ಡದ ಎಡಗೈ ಗುರುತು

ಸಖರಾಯಪಟ್ಟಣದ ಷಣ್ಮುಖಪ್ಪನವರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ತೀರಿಹೋಗಿ ಮೂರು ವರ್ಷವಾಗಿದ್ದ ತಮ್ಮನನ್ನು ಹುಡುಕಿ ಮಣ್ಣು ಮಾಡುವ ಸಲುವಾಗಿ ಕೊಡೆಕಲ್ಲು ಗುಡ್ಡ ಹತ್ತಲು ಹೊರಟರು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿ. ಸಂಕ್ರಾಂತಿ ಕಳೆದು ವಾರವಾಗಿತ್ತು.

ತಮ್ಮ ಷಡಕ್ಷರಿ ತರೀಕೆರೆಯಲ್ಲಿ ಸರ್ವೆಯರ್ ಆಗಿದ್ದವನು. ಗುಡ್ಡದ ನೆತ್ತಿಯ ಮೇಲೆ ಹಳೆಯ ಕಾಲದ ಸರ್ವೆ ಕಲ್ಲೊಂದು ನಿಂತಿದೆಯೋ ಬಿದ್ದಿದೆಯೋ ನೋಡಿ ಬರುತ್ತೇನೆಂದು, ಅಳತೆಯ ಸರಪಳಿ ಹಿಡಿಯುವ ಆಳು ರಂಗಪ್ಪನನ್ನು ಕರೆದುಕೊಂಡು ಹೋಗಿದ್ದ. ಹತ್ತಿದವರು ಇಬ್ಬರು. ಐದನೆಯ ದಿನ ಇಳಿದು ಬಂದವನು ರಂಗಪ್ಪ ಒಬ್ಬನೇ. ಸಾಹೇಬರು ಪಡುವಣ ಬಂಡೆಯಿಂದ ಜಾರಿ ಕಮರಿಗೆ ಬಿದ್ದರು, ಹೆಣ ಕಣ್ಣಿಗೆ ಬೀಳಲಿಲ್ಲ ಎಂದು ಅವನು ಹೇಳಿಕೆ ಕೊಟ್ಟ. ಆ ಗುಡ್ಡಕ್ಕೆ ಹಾದಿಯೇ ಇರಲಿಲ್ಲ. ಮೇಲೆ ದೇವರಿಲ್ಲ, ದನ ಮೇಯುವ ಹುಲ್ಲಿಲ್ಲ. ಮನುಷ್ಯರು ಏಕೆ ಹಾದಿ ಮಾಡಿಯಾರು? ಹುಡುಕಲು ಹೋದವರೂ ಅರ್ಧಕ್ಕೇ ಹಿಂದಿರುಗಿದರು.

ಷಣ್ಮುಖಪ್ಪನವರ ಮನೆತನದಲ್ಲಿ ಸತ್ತವರನ್ನು ಸುಡುವ ವಾಡಿಕೆಯಿಲ್ಲ. ಜೀವ ಹೋದವರನ್ನು ಗುಂಡಿಯಲ್ಲಿ ಕೂರಿಸಿ, ಬದುಕಿದ್ದಷ್ಟು ದಿನ ಎದೆಯ ಮೇಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸಬೇಕು. ಷಡಕ್ಷರಿಗೆ ಅದು ಆಗಿರಲಿಲ್ಲ. ಅವನ ಹೆಂಡತಿ ವಿಶಾಲಾಕ್ಷಮ್ಮ ಮೂರು ವರ್ಷ ಬಾಯಿ ಬಿಡದೆ ಇದ್ದವಳು, ಆ ಸಂಕ್ರಾಂತಿಯ ದಿನ ಎಳ್ಳು ಬೀರುವ ತಟ್ಟೆಯನ್ನು ಕೆಳಗಿಟ್ಟು ಕೇಳಿಬಿಟ್ಟಳು.

"ಭಾವನೋರೇ, ಅವರು ಲಿಂಗಪೂಜೆ ಆಗ್ದೆ ಒಂದು ಗುಟುಕು ನೀರು ಮುಟ್ಟಿದೋರಲ್ಲ. ಆ ಬಂಡೆ ಕೆಳಗೆ ಎಷ್ಟೊತ್ತು ಜೀವ ಇಟ್ಕೊಂಡಿದ್ರೋ, ಎಷ್ಟು ಬಾಯಾರಿತ್ತೋ. ನಾನು ಚೊಂಬು ಎತ್ತಿದಾಗೆಲ್ಲ ಅದೇ ಕಣ್ಮುಂದೆ ಬತ್ತದೆ. ಒಂದು ಮೂಳೆ ತನ್ನಿ, ಇಲ್ಲಾ ಆ ಕರಡಿಗೆ ತನ್ನಿ. ಮಣ್ಣು ಮಾಡಿ ಕೈ ತೊಳ್ಕೊಳ್ಳೋಣ."

ಕರಡಿಗೆಯೆಂದರೆ ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿ. ಅವಳ ತಮ್ಮ, ಅಜ್ಜಂಪುರದ ಕಾಳುಕಡ್ಡಿ ವ್ಯಾಪಾರಿ ಬೆನಕಪ್ಪ, ಅಲ್ಲೇ ಕುಳಿತಿದ್ದವನು ತೊಡೆ ತಟ್ಟಿದ. "ಕರಡಿಗೆ ಆ ರಂಗಪ್ಪನ ಮನೆ ಅಟ್ಟದಾಗೆ ಹುಡುಕಬೇಕು ಕಣ್ರೀ ಭಾವ, ಗುಡ್ಡದಾಗಲ್ಲ. ಬೆಳ್ಳಿ ಆಸೆಗೆ ತಳ್ಳವ್ನೆ. ನಾನೂ ಬತ್ತೀನಿ, ಕೋವಿ ತತ್ತೀನಿ."

ಷಣ್ಮುಖಪ್ಪನವರ ಮನಸ್ಸಿನಲ್ಲಿ ಅದಕ್ಕಿಂತ ಹಳೆಯ ಸಂದೇಹವೊಂದಿತ್ತು. ಯಾರ ಮುಂದೆಯೂ ಆಡಿದ್ದಿಲ್ಲ. ರಂಗಪ್ಪ ತಂದೊಪ್ಪಿಸಿದ ಚೀಲದೊಳಗೆ ತಮ್ಮನ ಕನ್ನಡಕವಿತ್ತು. ಗಾಜು ಒಡೆದಿರಲಿಲ್ಲ, ಕಡ್ಡಿ ಸೊಟ್ಟಗಾಗಿರಲಿಲ್ಲ, ಪಂಚೆಯ ಚೂರಿನಲ್ಲಿ ಜೋಪಾನವಾಗಿ ಸುತ್ತಿತ್ತು. ಷಡಕ್ಷರಿಗೆ ಕನ್ನಡಕವಿಲ್ಲದಿದ್ದರೆ ಎದುರಿಗಿದ್ದವರ ಮುಖ ಕಾಣದು. ಕಮರಿಗೆ ಬಿದ್ದವನ ಕನ್ನಡಕ ಚೀಲಕ್ಕೆ ಹೇಗೆ ಬಂತು? ಅವರು ಆ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ತೋಟದಿಂದ ಒಂದು ಸುರುಳಿ ತೆಂಗಿನ ನಾರಿನ ಹಗ್ಗ ತೆಗೆದುಕೊಂಡು, ಬೆಳಗಿನ ಮೊದಲನೆಯ ಬಸ್ಸಿಗೆ ಕಡೂರಿಗೆ ಹೋದರು. ಬೆನಕಪ್ಪ ಅಲ್ಲಿ ಜೊತೆಗೂಡಿದ. ತರೀಕೆರೆಯಲ್ಲಿಳಿದು ಗುಡ್ಡದ ಬುಡದ ಹಳ್ಳಿಗೆ ನಡೆದು ಸೇರುವಾಗ ಮಧ್ಯಾಹ್ನ ತಿರುಗಿತ್ತು.

ರಂಗಪ್ಪ ಸರಪಳಿ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ನಲವತ್ತೈದರ ಸಣಕಲು ಮನುಷ್ಯ, ಎಡಚ. ಎಡಗೈಯಲ್ಲಿ ಮಚ್ಚು ಹಿಡಿದು ಬೇಲಿ ಸವರುತ್ತಿದ್ದವನು ಇವರನ್ನು ಕಂಡು ಕೈ ನಿಲ್ಲಿಸಿದ. ಬಂದ ಕಾರಣ ಕೇಳಿ ಮನೆಯ ಬಾಗಿಲ ಕಡೆ ತಿರುಗಿದ. ಅವನ ಹೆಂಡತಿ ಪಾಪಮ್ಮ ಬಾಗಿಲಲ್ಲಿ ನಿಂತು, "ಹೋಗ್ ಬಾ, ಇವತ್ತಲ್ಲ ನಾಳೆ ಹೋಗ್ಬೇಕಾದ್ದೇಯ" ಎಂದಳು. ಆ ಮಾತು ಷಣ್ಮುಖಪ್ಪನವರ ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು.

"ಬತ್ತೀನಿ ಯಜಮಾನ್ರೇ. ಆದ್ರೆ ಮ್ಯಾಲೆ ನಾನು ಎಲ್ಲಿ ಬ್ಯಾಡ ಅಂತೀನೋ ಅಲ್ಲಿಗೆ ಕಾಲಿಡಬಾರ್ದು."

"ಯಾಕೋ? ಅಲ್ಲೇನು ಹೂತಿಟ್ಟಿದೀಯಾ?" ಎಂದ ಬೆನಕಪ್ಪ.

ರಂಗಪ್ಪ ಮಚ್ಚನ್ನು ಕಲ್ಲಿಗೆ ಮಸೆಯತೊಡಗಿದ.

ಮರುದಿನ ಮಂಜು ಕರಗುವ ಮೊದಲೇ ಮೂವರೂ ಕಾಡಿನ ಅಂಚಿಗೆ ಬಂದರು. ಎದುರಿಗೆ ಕೊಡೆಕಲ್ಲು ಗುಡ್ಡ ಬುಡದಿಂದ ಭುಜದವರೆಗೆ ಹಸಿರು ಕಂಬಳಿ ಹೊದ್ದು ಕುಳಿತ ಮುದುಕನ ಹಾಗೆ ಕಾಣುತ್ತಿತ್ತು. ಕೆಳಗೆ ತೇಗ, ಮತ್ತಿ, ಹೊನ್ನೆ. ಅದರ ಮೇಲೆ ಸೀಗೆಮೆಳೆ ಹೆಣೆದುಕೊಂಡ ಕಪ್ಪು ಪಟ್ಟೆ. ಇನ್ನೂ ಮೇಲೆ ಗಾಳಿಗೆ ಬಣ್ಣ ಬದಲಿಸುವ ಬಿದಿರು. ನೆತ್ತಿಯ ಮೇಲೆ ಕೊಡೆ ಬಿಚ್ಚಿಟ್ಟಂತೆ ಒಂದೇ ಒಂದು ಚಾಚುಬಂಡೆ. ಹಕ್ಕಿಯ ಸದ್ದು ಕೂಡ ಅಂಚಿನಲ್ಲಿ ಮಾತ್ರ ಇತ್ತು. ಒಳಗೆ ನೋಡಿದರೆ ಹತ್ತು ಮಾರಿನಾಚೆ ಕಣ್ಣು ಹರಿಯದು.

ರಂಗಪ್ಪ ತಿರುಗಿ ನಿಂತ. "ಯಜಮಾನ್ರೇ, ಕರಡಿಗೆ ಅಂಗಿ ಮ್ಯಾಲೆ ಬ್ಯಾಡ. ದಾರ ಗಿಡ್ಡ ಮಾಡಿ ಒಳಗೆ ಹಾಕ್ಕಳಿ. ಮುಳ್ಳು ಕಿತ್ಕಂಬುಡ್ತದೆ."

ಬೆನಕಪ್ಪ ಷಣ್ಮುಖಪ್ಪನವರ ಪಕ್ಕೆ ತಿವಿದ. "ನೋಡಿದ್ರಾ ಭಾವ, ಕಣ್ಣು ಮೊದ್ಲು ಎಲ್ಲಿಗೆ ಹೋಯ್ತು ಅಂತ!"

ಷಣ್ಮುಖಪ್ಪನವರು ಶಿವದಾರವನ್ನು ಗಿಡ್ಡ ಮಾಡಿ ಗಂಟು ಹಾಕಿ, ಕರಡಿಗೆಯನ್ನು ಬನಿಯನ್ನಿನೊಳಕ್ಕೆ ಸೇರಿಸಿದರು. ಕೈ ಮಾತ್ರ ಸ್ವಲ್ಪ ಹೊತ್ತು ಅದರ ಮೇಲೆಯೇ ಇತ್ತು.

ಮುಂದೆ ರಂಗಪ್ಪ ಮಚ್ಚು ಬೀಸುತ್ತ, ನಡುವೆ ಷಣ್ಮುಖಪ್ಪನವರು, ಹಿಂದೆ ಕೋವಿ ಹೊತ್ತ ಬೆನಕಪ್ಪ. ಲಾಂಟಾನ ಮುಖಕ್ಕೆ ಬಡಿಯಿತು. ಸೀಗೆಮುಳ್ಳು ಪಂಚೆ ಹಿಡಿಯಿತು. ಬಿಡಿಸಿದರೆ ತೋಳು ಹಿಡಿಯಿತು. ಒಣ ಎಲೆಯ ಮೇಲೆ ಕಾಲಿಟ್ಟರೆ ಎರಡು ಹೆಜ್ಜೆಗೆ ಒಂದು ಹೆಜ್ಜೆ ಜಾರಿ ಹಿಂದಕ್ಕೆ.

ಸೀಗೆಮೆಳೆಯ ನಡುವೆ ದಣಿವಾರಿಸಿಕೊಳ್ಳಲು ನಿಂತಾಗ ಷಣ್ಮುಖಪ್ಪನವರ ಕೈ ಒಂದು ಎಳೆಯ ಮತ್ತಿಗಿಡದ ಮೇಲೆ ಬಿತ್ತು. ಬೆರಳಿಗೆ ಒಂದು ಗಂಟು ಸಿಕ್ಕಿತು. ನೋಡಿದರು: ಹಳೆಯ ಕಚ್ಚು. ಮಚ್ಚಿನಿಂದ ಕಡಿದ ಕೊಂಬೆಯ ಬುಡದಲ್ಲಿ ತೊಗಟೆ ಮಡಿಚಿಕೊಂಡು ಗಾಯ ಮುಚ್ಚುತ್ತಾ ಬಂದಿತ್ತು. ಅವರು ನಲವತ್ತು ವರ್ಷ ತೋಟದ ಬೇಲಿ, ಹೊಂಗೆ, ಹಲಸು ಸವರಿಸಿದವರು. ಮರದ ಗಾಯ ಎಷ್ಟು ಮಳೆ ಕಂಡಿದೆ ಎಂದು ಮುಟ್ಟಿ ಹೇಳಬಲ್ಲರು. ಇದು ಎರಡು ಮಳೆ ಕಂಡ ಗಾಯ. ನಾಲ್ಕು ಮಾರು ಮೇಲೆ ಇನ್ನೊಂದು, ಅದು ಒಂದೇ ಮಳೆಯದು. ಷಡಕ್ಷರಿ ಹೋದದ್ದು ಮೂರು ಮಳೆಯ ಹಿಂದೆ.

ಇನ್ನೂ ಒಂದು ಸಂಗತಿ. ಕಚ್ಚುಗಳೆಲ್ಲವೂ ಎಡದಿಂದ ಬಲಕ್ಕೆ ಓರೆಯಾಗಿ ಇಳಿದಿದ್ದವು. ಎಡಗೈಯವನ ಏಟು.

"ರಂಗಪ್ಪ," ಎಂದರು ಷಣ್ಮುಖಪ್ಪನವರು, ಉಸಿರು ಸರಿಮಾಡಿಕೊಂಡು, "ಆಮೇಲೆ ಯಾವತ್ತಾದ್ರೂ ಈ ಗುಡ್ಡಕ್ಕೆ ಬಂದಿದ್ಯಾ?"

ರಂಗಪ್ಪ ತಿರುಗಲಿಲ್ಲ. "ಇಲ್ಲ ಯಜಮಾನ್ರೇ. ಯಾಕ್ ಬರ್ಲಿ?"

ಸುಳ್ಳು ಎಂದುಕೊಂಡರು ಷಣ್ಮುಖಪ್ಪನವರು. ಹಾದಿಯಿಲ್ಲದ ಗುಡ್ಡಕ್ಕೆ ವರ್ಷ ವರ್ಷ ಒಬ್ಬನೇ ಬರುವವನು ಏನನ್ನು ನೋಡಿಹೋಗಲು ಬರುತ್ತಾನೆ? ಬಚ್ಚಿಟ್ಟದ್ದನ್ನು. ಬೆನಕಪ್ಪನಿಗೆ ಹೇಳೋಣವೆಂದುಕೊಂಡರು, ಅವನ ಕೈಯಲ್ಲಿದ್ದ ಕೋವಿ ನೋಡಿ ನುಂಗಿಕೊಂಡರು.

ಮೆಳೆ ಕಳೆದು ಒಂದು ಸಣ್ಣ ಬಯಲಿಗೆ ತಲೆ ಹಾಕಿದರು. ರಂಗಪ್ಪ ಗಕ್ಕನೆ ಕೈ ಎತ್ತಿದ.

ಹದಿನೈದು ಮಾರು ದೂರದಲ್ಲಿ ಒಂದು ಕಾಟಿ, ಒಂಟಿ ಕಾಡುಕೋಣ. ಕಪ್ಪು ಬಂಡೆಯೇ ಎದ್ದು ನಿಂತ ಹಾಗೆ, ಮೂಗಿನಿಂದ ಹೊಗೆಯಂತೆ ಉಸಿರು. ಅದು ತಲೆ ತಗ್ಗಿಸಿತು.

ಬೆನಕಪ್ಪ ಕೋವಿ ಎತ್ತಿದ. ರಂಗಪ್ಪ ಹಾರಿ ಬಂದು ನಳಿಗೆಯನ್ನು ನೆಲಕ್ಕೆ ಒತ್ತಿದ. "ಉಸ್ರು ಬಿಡಬ್ಯಾಡಿ" ಎಂದು ಪಿಸುಗುಟ್ಟಿದ.

ಮೂವರೂ ಕಲ್ಲಾದರು. ಕಾಟಿ ಒಂದು ಹೆಜ್ಜೆ ಮುಂದಿಟ್ಟಿತು. ಮತ್ತೊಂದು. ಗೊರಸಿನಿಂದ ನೆಲ ಕೆದರಿತು. ಆಮೇಲೆ ಏನು ನೆನಪಾಯಿತೋ, ಬುಸ್ಸೆಂದು ತಿರುಗಿ ಕಾಡು ಮುರಿದುಕೊಂಡು ಕೆಳಗಿಳಿಯಿತು. ಕೊಂಬೆ ಮುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

"ನನ್ನ ಕೋವಿ ಮುಟ್ಟೋಕೆ ನೀನ್ಯಾರ್ಲಾ ಎಡಚ?" ಬೆನಕಪ್ಪ ನಳಿಗೆಯ ಮಣ್ಣು ಒರೆಸಿದ.

"ಆ ಕೋವೀಲಿ ಕಾಟಿಗೆ ತುರಿಕೆ ಆಗ್ತಿತ್ತು ಬೆನಕಪ್ಪೋರೇ. ಆಮ್ಯಾಕೆ ನಮ್ಮುನ್ನ ಅದು ಕೆರ್ಕೊಂತಿತ್ತು."

ಷಣ್ಮುಖಪ್ಪನವರಿಗೆ ನಗು ಬರುವಂತಿತ್ತು, ಬರಲಿಲ್ಲ. ಪ್ರಾಣ ಉಳಿಸಿದವನೇ ಪ್ರಾಣ ತೆಗೆದವನೂ ಆಗಿರಬಹುದಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು.

ಇಳಿಹೊತ್ತಿಗೆ ಒಂದು ನೆಟ್ಟನೆಯ ಬಂಡೆ ಅಡ್ಡ ಬಂತು, ಮೂರು ಆಳೆತ್ತರ. ರಂಗಪ್ಪ ಬೇರು ಹಿಡಿದು ಹಲ್ಲಿಯ ಹಾಗೆ ಹತ್ತಿ, ಮೇಲಿನಿಂದ ಹಗ್ಗ ಬಿಟ್ಟ. "ಸೊಂಟಕ್ಕೆ ಕಟ್ಕಳಿ ಯಜಮಾನ್ರೇ. ಮೊದ್ಲು ನೀವು."

ಕಟ್ಟಿಕೊಂಡರು. ಬೇರೆ ಉಪಾಯವಿರಲಿಲ್ಲ. ಅರ್ಧ ಬಂಡೆಯಲ್ಲಿ ಕಾಲು ಜಾರಿತು. ಮೈಯೆಲ್ಲ ಹಗ್ಗಕ್ಕೆ ಬಿತ್ತು. ಪಕ್ಕಕ್ಕೆ ಹೊರಳಿದ ಕಣ್ಣಿಗೆ ಪಡುವಣ ಕಮರಿ ಕಾಣಿಸಿತು, ತಳವಿಲ್ಲದ ಬಾವಿ. ಮೇಲೆ ನೋಡಿದರು. ರಂಗಪ್ಪನ ಮುಖ. ಆ ಗಳಿಗೆಯಲ್ಲೇ ಹಗ್ಗ ಸಡಿಲವಾಯಿತು.

ಒಂದು ಗೇಣು ಕೆಳಗೆ ಬಿದ್ದರು. "ಶಿವನೇ!" ಎಂದರು.

ಮತ್ತೆ ಹಗ್ಗ ಬಿಗಿಯಿತು. ಗೇಣು ಗೇಣಾಗಿ ಮೇಲಕ್ಕೆಳೆಯಿತು. ಅಂಚು ಹತ್ತಿ ಅಂಗಾತ ಮಲಗಿದಾಗ ನೋಡುತ್ತಾರೆ, ಹಗ್ಗ ಒಂದು ಮರದ ಬುಡಕ್ಕೆ ಸುತ್ತು ಹಾಕಿದೆ. "ಕೈ ಕಿತ್ತೋಗ್ತಿತ್ತು, ಮರಕ್ಕೆ ಸುತ್ತೋಕೆ ಒಂದು ಚಣ ಬಿಟ್ಟೆ" ಎಂದ ರಂಗಪ್ಪ. ನಿಜವಿರಬಹುದು. ಬಿಡಬೇಕೆಂದು ಬಿಟ್ಟು, ಕೆಳಗೆ ಬೆನಕಪ್ಪ ಸಾಕ್ಷಿಯಾಗಿ ನಿಂತಿದ್ದನ್ನು ನೆನೆದು ಹಿಡಿದಿರಲೂಬಹುದು.

ಬೆನಕಪ್ಪ ಮೇಲೆ ಬಂದು, "ನೀರು" ಎಂದ. ತಂದ ನೀರು ಮುಗಿದಿತ್ತು. ರಂಗಪ್ಪ ಅತ್ತಿತ್ತ ನೋಡದೆ ನೇರ ಒಂದು ಬಂಡೆಯ ಹತ್ತಿರ ಹೋಗಿ, ಚಪ್ಪಡಿ ಸರಿಸಿದ. ಬಿರುಕಿನೊಳಗೆ ಕಪ್ಪಗೆ ಹೊಳೆಯುವ ನೀರು. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು.

"ಚಿಪ್ಪು ಯಾರಿಟ್ಟದ್ದು?" ಎಂದು ಷಣ್ಮುಖಪ್ಪನವರು ಕೇಳಿದರು.

"ಜೇನು ಕೀಳೋರು ಯಾರಾದ್ರೂ ಇಟ್ಟಿರಬೌದು."

ನೀರು ಐಸಿನಂತೆ ತಣ್ಣಗಿತ್ತು. ಕುಡಿದು ತಲೆಯೆತ್ತಿದಾಗ ಬಲಗಡೆಯ ಬಿದಿರುಮೆಳೆಯಲ್ಲಿ ಗಾಳಿ ಎದ್ದಿತು. ಹಸಿರು ಗಳಗಳು ಒಂದಕ್ಕೊಂದು ಉಜ್ಜಿ ನರಳಿದವು. ಆ ನರಳಿಕೆಯ ನಡುವೆ, ಎಲ್ಲಿಂದಲೋ, ಟಿಣ್... ಟಿಣ್... ಎಂದು ಒಂದು ಸಣ್ಣ ಸದ್ದು.

ರಂಗಪ್ಪನ ಮುಖ ಬಿಳಿಚಿಕೊಂಡಿತು. "ಅಲ್ಲಿ ಬ್ಯಾಡ. ಸುತ್ತಿ ಹೋಗಾನ" ಎಂದವನೇ ಎದ್ದು ಎಡಕ್ಕೆ ನಡೆದುಬಿಟ್ಟ, ಓಡಿದ ಎನ್ನಬೇಕು.

"ಗಂಟೆ ಸದ್ದಿಗೆ ಓಡೋನು ಕಳ್ಳ ಅಲ್ದೆ ಇನ್ನಾರು?" ಎಂದ ಬೆನಕಪ್ಪ. ಷಣ್ಮುಖಪ್ಪನವರೂ ಈ ಬಾರಿ ತಲೆದೂಗಿದರು.

ಕತ್ತಲಾಗುವ ಮೊದಲು ಬಂಡೆಯ ಮರೆಯಲ್ಲಿ ಬೆಂಕಿ ಹಾಕಿ ತಂಗಿದರು. ಬೆಳಗಿನ ಜಾವ ಷಣ್ಮುಖಪ್ಪನವರು ಬಿರುಕಿನಿಂದ ತುಂಬಿಕೊಂಡು ತಂದಿದ್ದ ನೀರಿನಲ್ಲಿ ಮುಖ ತೊಳೆದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕುಳಿತರು. ಎಂದೂ ಏನನ್ನೂ ಬೇಡಿದವರಲ್ಲ. ಅಂದು ಬೇಡಿದರು: ಸತ್ಯ ಯಾವುದಾದರೂ ಆಗಲಿ, ತಡೆದುಕೊಳ್ಳುವ ಶಕ್ತಿ ಕೊಡು. ಕಣ್ಣು ತೆರೆದಾಗ ರಂಗಪ್ಪ ದೂರದಲ್ಲಿ ಕುಳಿತು, ಅವರ ಅಂಗೈಯನ್ನೇ ನೋಡುತ್ತಿದ್ದ. ಕಣ್ಣು ಸಂಧಿಸಿದೊಡನೆ ಮುಖ ತಿರುಗಿಸಿದ.

ಬಿದಿರುಮೆಳೆಯನ್ನು ಬಳಸಿ ನೆತ್ತಿ ಸೇರಲು ಒಂದು ಗಂಟೆ ಹಿಡಿಯಿತು. ಮೇಲೆ ಬಯಲು, ಬಿಸಿಲು, ಮೈ ಹಗುರಾಗುವಂಥ ಗಾಳಿ. ಮೂಡಲಿಗೆ ಕಡೂರಿನ ಬಯಲುಸೀಮೆ ಮಂಜಿನಲ್ಲಿ ಕೆನೆ ಕಟ್ಟಿತ್ತು. ಕೆರೆಗಳು ಅಲ್ಲಲ್ಲಿ ಕನ್ನಡಿ ತುಂಡಿನಂತೆ. ಸರ್ವೆಯ ಕಲ್ಲು ಒಂದು ಕಡೆಗೆ ಒರಗಿಕೊಂಡು ಅಲ್ಲೇ ಇತ್ತು. ಷಡಕ್ಷರಿ ನೋಡಬೇಕೆಂದು ಬಂದದ್ದು ಇಷ್ಟೇ.

ಚಾಚುಬಂಡೆಯ ನೆರಳಿಗೆ ಬಂದ ಷಣ್ಮುಖಪ್ಪನವರು ನಿಂತುಬಿಟ್ಟರು.

ಅಲ್ಲೊಂದು ಕಲ್ಲುಗುಡ್ಡೆ. ಚೌಕವಾಗಿ, ಕೈಯಿಂದ ಜೋಡಿಸಿದ್ದು. ಮೇಲುಗಲ್ಲಿನ ಮೇಲೆ ಮೂರು ಬೆರಳಿನ ವಿಭೂತಿ ಗೆರೆ, ಮಳೆಗೆ ಮಾಸಿದ್ದು. ಒಣಗಿ ಚೂರಾದ ಬಿಲ್ವಪತ್ರೆ. ಆ ಗುಡ್ಡದಲ್ಲಿ ಬಿಲ್ವದ ಮರವಿಲ್ಲ. ಕೆಳಗಿನಿಂದ ತಂದದ್ದೇ ಇರಬೇಕು.

"ಹೂತವ್ನೆ! ಕೊಂದು ಹೂತವ್ನೆ ಭಾವ!" ಬೆನಕಪ್ಪನ ಕೋವಿ ರಂಗಪ್ಪನ ಎದೆಗೆ ನೆಟ್ಟಿತ್ತು.

ಷಣ್ಮುಖಪ್ಪನವರು ಜೇಬಿನಿಂದ ಕನ್ನಡಕ ತೆಗೆದು ಮೇಲುಗಲ್ಲಿನ ಮೇಲಿಟ್ಟರು. ದನಿ ತಗ್ಗಿಸಿ ಕೇಳಿದರು. "ಮೊದ್ಲು ಇದನ್ನ ಹೇಳು ರಂಗಪ್ಪ. ಇದು ನಿನ್ನ ಕೈಗೆ ಹೆಂಗೆ ಬಂತು?"

ರಂಗಪ್ಪ ಮಚ್ಚನ್ನು ದೂರ ಎಸೆದು ಕುಕ್ಕರಗಾಲಿನಲ್ಲಿ ಕುಳಿತ. "ನಾನೇ ತೆಗೆದೆ ಯಜಮಾನ್ರೇ. ಸಾಹೇಬ್ರಿಗೆ ಕಾಣಬಾರ್ದು ಅಂತ."

ಆಮೇಲೆ ಅವನು ಹೇಳಿದ್ದಿಷ್ಟು.

"ಬಿದಿರುಮೆಳೆ ದಾಟೋವಾಗ ಸಾಹೇಬ್ರ ಅಂಗಿ ಮುಳ್ಳಿಗೆ ಸಿಗಾಕ್ಕೊಂತು. ಬಿಡಿಸ್ಕೊಂಡು ಮ್ಯಾಲೆ ಬಂದು ಪೂಜೆಗೆ ಅಂತ ಎದೆ ಮುಟ್ಕೊಂಡ್ರೆ ಕರಡಿಗೇನೇ ಇಲ್ಲ. ಲಿಂಗ ಕಳ್ಕೊಂಡೋನು ನೀರೂ ಮುಟ್ಟಂಗಿಲ್ಲ ಕಣೋ ಅಂದ್ರು. ಎರಡು ಹಗಲು ಆ ಮೆಳೇಲಿ ಹುಡುಕಿದ್ವಿ. ನಾನು ಕಾಲು ಹಿಡ್ದೆ, ಕೆಳಗೆ ಹೋಗಾನ, ಮಠದಾಗೆ ಅಯ್ಯನೋರು ಬೇರೆ ಲಿಂಗ ಕೊಡ್ತಾರೆ ಅಂದೆ. ಕೇಳ್ಲಿಲ್ಲ. ನಾಲಿಗೆ ದಪ್ಪಾಗೋಗಿತ್ತು. ಎರಡನೇ ಸಂಜೆ ಕಣ್ಣಿಗೆ ಕತ್ತಲೆ ಬಂದು ಅಂಚಿಂದ ಬಿದ್ರು. ಕಮರಿಗಲ್ಲ, ಕೆಳಗಿನ ಹಾಸುಬಂಡೆಗೆ. ಸೊಂಟ ಮುರೀತು. ಒಣ ಎಲೆ ಮ್ಯಾಲೆ ಬಿದ್ದ ಕನ್ನಡಕ ಮಾತ್ರ ಉಳೀತು, ಎತ್ತಿ ಹಾಕ್ದೆ."

ಅವನು ಕೈಯಿಂದ ಬಾಯಿ ಒರೆಸಿಕೊಂಡ.

"ಇಲ್ಲಿಗೆ ಹೊತ್ಕೊಂಡು ಬಂದೆ, ನೆರಳು ಐತೆ, ಮೆಳೆ ಸೀಳ್ಕೊಂಡೋದ್ರೆ ನೀರೂ ಹತ್ರ ಐತೆ ಅಂತ. 'ಲಿಂಗ ಸಿಕ್ತೇನೋ, ಸಿಕ್ತೇನೋ' ಇದೊಂದೇ ಮಾತು. ಜೀವ ಹೋಗೋದು ಕಾಣ್ತಿತ್ತು. ನೀರಿನ ಬಿರುಕಲ್ಲಿ ಒಂದು ಕರೀ ಗುಂಡುಕಲ್ಲಿತ್ತು. ಕನ್ನಡಕ ತೆಗೆದು, ಆ ಕಲ್ಲು ಒರೆಸಿ ಅಂಗೈಗಿಟ್ಟೆ. ಸಿಕ್ತು ಸಾಹೇಬ್ರೇ, ಅಂದೆ. ಮುಖ ಹೆಂಗಾಯ್ತು ಗೊತ್ತಾ ನಿಮಗೆ? ಪೂಜೆ ಮಾಡಿದ್ರು. ನೀರು ಕೇಳಿದ್ರು. ಮೂರು ಚಿಪ್ಪು ಕುಡಿದ್ರು. ಬೆಳಗಾಗೋ ಹೊತ್ಗೆ ಹೋಗ್ಬಿಟ್ರು. ನಿಮ್ಮೋರ ಗುಂಡಿ ತೆಗೆದು ಗೊತ್ತಿತ್ತು ನಂಗೆ. ಹಂಗೇ ಕೂರಿಸ್ದೆ, ಹಂಗೇ ಕೈಲಿಟ್ಟೆ. ಆದ್ರೆ ಕಲ್ಲು ಯಜಮಾನ್ರೇ, ಬರೀ ಕಲ್ಲು! ದೇವರಂಥಾ ಮನುಷ್ಯಂಗೆ ಸುಳ್ಳು ಹೇಳಿ, ನೇಮ ಕೆಡಿಸಿ ಕಳಿಸ್ದೆ ಅಂತ ಸಾಹೇಬ್ರ ಮನೆ ಅವ್ವನ ಮುಂದೆ ಯಾವ ಬಾಯಲ್ಲಿ ಹೇಳ್ಲಿ? ಲಿಂಗ ಸಿಕ್ಕಿದ ದಿನ ಹೇಳ್ತೀನಿ ಅಂತ ಪಾಪಮ್ಮಂಗೆ ಭಾಷೆ ಕೊಟ್ಟು, ವರ್ಷ ವರ್ಷ ಬಂದು ಮೆಳೆ ಜಾಲಾಡ್ತೀನಿ. ಗಾಳಿ ಎದ್ರೆ ಸಾಹೇಬ್ರು ಕರೀತಾರೆ, ಆ ಸದ್ದು ಕೇಳಿದ್ರಲ್ಲ. ಓಡಿ ಬಂದ್ಬಿಡ್ತೀನಿ."

ಬೆನಕಪ್ಪ ಕೋವಿ ಇಳಿಸಲಿಲ್ಲ. "ಕತೆ ಚೆನ್ನಾಗೈತೆ. ಕರಡಿಗೆ ಎಲ್ಲಿ?"

ಷಣ್ಮುಖಪ್ಪನವರಿಗೆ ಮೊದಲು ಕೋಪ ಬಂತು. ಸಾಯುವ ಶರಣನ ಕೈಗೆ ಹಾದಿಯ ಕಲ್ಲೇ! ಆಮೇಲೆ ಮೂರು ಚಿಪ್ಪು ನೀರು ನೆನಪಾಯಿತು. ನಂಬಲೂ ಆರರು, ಬಿಡಲೂ ಆರರು. ಕನ್ನಡಕವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಗಾಳಿ ತಿರುಗಿತು. ಕೆಳಗಿನ ಬಿದಿರುಮೆಳೆ ನರಳಿತು. ಟಿಣ್.

"ನಡೀರಿ," ಎಂದರು ಷಣ್ಮುಖಪ್ಪನವರು, "ಯಾರು ಕರೀತಾರೋ ನೋಡೇಬಿಡೋಣ."

"ಬ್ಯಾಡಿ ಯಜಮಾನ್ರೇ..."

"ನೀನು ಮುಂದೆ ನಡಿ."

ಮೆಳೆಯೊಳಗೆ ಹಗಲೇ ಕತ್ತಲು. ಮುಳ್ಳುಬಿದಿರು ಹೆಣೆದುಕೊಂಡು ಬೋನಿನ ಹಾಗಿತ್ತು. ನೆಲದ ತುಂಬ ರಂಗಪ್ಪ ಕೆದಕಿ, ಕೆರೆದು, ಎಲೆ ಮಗುಚಿ ಹುಡುಕಿದ ಗುರುತು. ಮೂರು ವರ್ಷದ ಕೆಲಸ. ಬೆನಕಪ್ಪ ಅದನ್ನು ನೋಡುತ್ತ ನೋಡುತ್ತ ಕೋವಿಯನ್ನು ಹೆಗಲಿಗೆ ಹಾಕಿಕೊಂಡ.

ಗಾಳಿ ನಿಂತಿತು. ಸದ್ದೂ ನಿಂತಿತು. ಕಾದರು. ಮತ್ತೆ ಬೀಸಿತು. ಟಿಣ್.

ಷಣ್ಮುಖಪ್ಪನವರು ತೆಂಗಿನ ತೋಟದವರು. ಸದ್ದು ಕೇಳಿದೊಡನೆ ನೆಲ ನೋಡುವ ಅಭ್ಯಾಸ ಅವರಿಗಿಲ್ಲ. ಕತ್ತು ತಾನಾಗಿ ಮೇಲೆದ್ದಿತು.

"ರಂಗಪ್ಪ," ಎಂದರು, "ಮೇಲೆ ನೋಡೋ."

ಮೂರು ಆಳೆತ್ತರದಲ್ಲಿ, ಒಂದು ಗಳದ ಗಿಣ್ಣಿನ ಮುಳ್ಳಿಗೆ ಸಿಕ್ಕಿ, ಕಪ್ಪಾದ ಒಂದು ಗುಂಡನೆಯ ವಸ್ತು ತೂಗುತ್ತಿತ್ತು. ಗಾಳಿ ಬೀಸಿದಾಗ ಪಕ್ಕದ ಗಳಕ್ಕೆ ತಾಗುತ್ತಿತ್ತು. ನೆಲದಲ್ಲಿ ಬಿದ್ದ ಶಿವದಾರದ ಕುಣಿಕೆಯ ನಡುವೆಯೇ ಮುಂಗಾರಿಗೆ ಕಳಲೆ, ಬಿದಿರಿನ ಎಳೆ ಮೊಳಕೆ, ಮೂಡಿದೆ. ಬಿದಿರು ಬೆಳೆದ ಹಾಗೆ ಕರಡಿಗೆಯನ್ನೂ ಹೊತ್ತು ಎದ್ದಿದೆ. ಇವನು ನೆಲ ಕೆದಕುತ್ತಿದ್ದ ಅಷ್ಟೂ ದಿನ ಅದು ಇವನ ತಲೆಯ ಮೇಲೆಯೇ ಇತ್ತು.

ರಂಗಪ್ಪ ಮೇಲೆ ನೋಡುತ್ತಲೇ ಕೈ ಮುಗಿದ.

ಆ ಗಳವಿದ್ದದ್ದು ಕಮರಿಯ ಅಂಚಿನಲ್ಲಿ, ಹೊರಕ್ಕೆ ಬಾಗಿ. ಬುಡ ಕಡಿದರೆ ಕರಡಿಗೆ ಕಮರಿಯ ಪಾಲು. ಹತ್ತಲೇಬೇಕು. ರಂಗಪ್ಪ ಆಗಲೇ ಅಂಗಿ ಬಿಚ್ಚುತ್ತಿದ್ದ. ಷಣ್ಮುಖಪ್ಪನವರು ನಾರಿನ ಹಗ್ಗವನ್ನು ಅವನ ಸೊಂಟಕ್ಕೆ ತಾವೇ ಕಟ್ಟಿ, ಎರಡು ಸಲ ಜಗ್ಗಿ ನೋಡಿದರು. ಇನ್ನೊಂದು ತುದಿಯನ್ನು ಒಂದು ಕಲ್ಲಿಗೆ ಸುತ್ತಿ ಹಿಡಿದರು. ಬೆನಕಪ್ಪ ಕೋವಿ ಕೆಳಗಿಟ್ಟು ಹಿಂದೆ ನಿಂತ.

ರಂಗಪ್ಪ ಹತ್ತಿದ. ಮುಳ್ಳು ಎದೆ ಗೀರಿತು, ತೊಡೆ ಗೀರಿತು. ಗಳ ಅವನ ಭಾರಕ್ಕೆ ಬಾಗುತ್ತ ಬಾಗುತ್ತ ಕಮರಿಯ ಮೇಲಕ್ಕೆ ಚಾಚಿತು. ಕೈ ನೀಡಿದ. ಎಟುಕಲಿಲ್ಲ. ಇನ್ನೊಂದು ಗಿಣ್ಣು ಮೇಲೆ ಹೋದ. ಎಡಗೈ ಚಾಚಿದ.

ಚಟ್!

ಗಳ ಮುರಿಯಿತು. ರಂಗಪ್ಪ ಕಣ್ಮರೆಯಾದ.

ಹಗ್ಗ ಷಣ್ಮುಖಪ್ಪನವರ ಅಂಗೈ ಸುಟ್ಟುಕೊಂಡು ಓಡಿತು. ಅವರು ಕಲ್ಲಿಗೆ ಕಾಲು ಕೊಟ್ಟು ಹಿಂದಕ್ಕೆ ಬಿದ್ದರು. ಬೆನಕಪ್ಪ ಅವರ ಸೊಂಟ ತಬ್ಬಿದ. ಹಗ್ಗ ನಿಂತಿತು.

"ರಂಗಪ್ಪಾ!"

ಹಗ್ಗ ಅಂಚಿಗೆ ಉಜ್ಜಿ ಕಿರ್ರೆಂದಿತು.

"ಲೇ ರಂಗಪ್ಪ, ಬಾಯಿ ಬಿಡೋ!" ಬೆನಕಪ್ಪನ ದನಿ ಒಡೆದಿತ್ತು.

ಕೆಳಗಿನಿಂದ ಏದುಸಿರಿನ ಮಾತು ಬಂತು. "ಸಿಕ್ತು... ಈ ಸಲ ನಿಜ್ವಾಗ್ಲೂ ಸಿಕ್ತು ಯಜಮಾನ್ರೇ."

ಎಳೆದರು. ಗೇಣು ಗೇಣಾಗಿ, ಅಂಗೈಯ ರಕ್ತದಲ್ಲಿ ಹಗ್ಗ ಜಾರುತ್ತಿದ್ದರೂ ಬಿಡದೆ ಎಳೆದರು. ಅಂಚಿನ ಮೇಲೆ ಮೊದಲು ಕಂಡದ್ದು ಒಂದು ಎಡಗೈ, ಮುಷ್ಟಿ ಬಿಗಿದದ್ದು.

ಷಣ್ಮುಖಪ್ಪನವರು ಕರಡಿಗೆಯನ್ನು ಪಂಚೆಯ ತುದಿಯಿಂದ ಒರೆಸಿ ತೆರೆದರು. ಒಳಗೆ ಒಂದು ಹನಿ ತೇವವೂ ಹೋಗಿರಲಿಲ್ಲ. ಲಿಂಗ ಇತ್ತು, ತಳದಲ್ಲಿ ಚಿಟಿಕೆ ವಿಭೂತಿ ಇತ್ತು.

ಮತ್ತೆ ನೆತ್ತಿಗೆ ಹತ್ತಿದರು. ಬೆನಕಪ್ಪ ಸಮಾಧಿ ಬಿಚ್ಚಲು ಕಲ್ಲಿಗೆ ಕೈ ಹಾಕಿದ. "ಕೈಯಲ್ಲಿರೋ ಕಲ್ಲು ತೆಗೆದು ಇದನ್ನ ಇಡೋಣ ಭಾವ."

ಷಣ್ಮುಖಪ್ಪನವರು ಅವನ ಕೈಯನ್ನು ತಡೆದರು. "ಬೇಡಪ್ಪ. ಅವನು ಪೂಜೆ ಮಾಡಿದ್ದು ಅವನ ಕೈಲೈತೆ. ಅದನ್ನ ಕಿತ್ಕೊಳ್ಳೋ ಅಷ್ಟು ದೊಡ್ಡೋನಲ್ಲ ನಾನು." ಮೇಲುಗಲ್ಲನ್ನು ಮಾತ್ರ ಸರಿಸಿ, ಮೊಣಕೈಯುದ್ದ ಮಣ್ಣು ತೆಗೆಸಿದರು. ವಿಭೂತಿ ಹಾಕಿದರು, ತಾವು ತಂದಿದ್ದ ಬಿಲ್ವಪತ್ರೆ ಹಾಕಿದರು. ಆಮೇಲೆ ಲಿಂಗವನ್ನು ರಂಗಪ್ಪನ ಮುಂದೆ ಹಿಡಿದರು.

"ನೀನೇ ಇಡು."

"ನಾನಾ? ಮುಟ್ಟಬೌದಾ ಯಜಮಾನ್ರೇ?"

"ಮೂರು ವರ್ಷ ಇದನ್ನ ಹುಡುಕಿದೋನು ನೀನೇ ಅಲ್ವೇನೋ."

ರಂಗಪ್ಪ ಮುಳ್ಳು ಗೀರಿದ ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ. ಮಣ್ಣು ಮುಚ್ಚಿದಾಗ ಬೆನಕಪ್ಪ ಗಟ್ಟಿಯಾಗಿ ಅತ್ತ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಷಣ್ಮುಖಪ್ಪನವರ ಅಂಗೈ ಬಾತು ಹಗ್ಗ ಹಿಡಿಯಲಾಗದೆ, ನೆಟ್ಟನೆಯ ಬಂಡೆಯಲ್ಲಿ ರಂಗಪ್ಪ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಈ ಸಲ ಅವರು ಕಮರಿಯ ಕಡೆ ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ಸೀಗೆಮೆಳೆಯಲ್ಲಿ ಬಂದ ದಾರಿ ತಪ್ಪಿದಾಗ, ಎಡಗೈ ಕಚ್ಚುಗಳನ್ನು ಬೆರಳಿನಿಂದ ಮುಟ್ಟಿ ಹುಡುಕಿ, ಷಣ್ಮುಖಪ್ಪನವರೇ ಮುಂದೆ ನಡೆದು ದಾರಿ ತೋರಿಸಿದರು.

ಊರು ಬಿಟ್ಟ ನಾಲ್ಕನೆಯ ದಿನ ಮಧ್ಯಾಹ್ನ ಸಖರಾಯಪಟ್ಟಣದಲ್ಲಿ ಬಸ್ಸಿಳಿದರು. ರಂಗಪ್ಪ ಮನೆಯ ಬೇಲಿಯ ಹೊರಗೇ ನಿಂತ. ಷಣ್ಮುಖಪ್ಪನವರು ಜಗಲಿಯ ಮೇಲೆ ಕುಳಿತು, ಬರಿದಾದ ಕರಡಿಗೆಯನ್ನೂ ಕನ್ನಡಕವನ್ನೂ ವಿಶಾಲಾಕ್ಷಮ್ಮನ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದರು. ಗುಂಡುಕಲ್ಲಿನ ಸಂಗತಿಯನ್ನೂ ಬಿಡಲಿಲ್ಲ.

ವಿಶಾಲಾಕ್ಷಮ್ಮ ಕರಡಿಗೆಯ ಮುಚ್ಚಳವನ್ನು ತೆರೆದಳು, ಮುಚ್ಚಿದಳು. ಆಮೇಲೆ ಎದ್ದು ಬೇಲಿಯವರೆಗೆ ಹೋಗಿ, ಮೂರು ವರ್ಷದಲ್ಲಿ ಮೊದಲ ಸಲ ರಂಗಪ್ಪನನ್ನು ಮಾತಾಡಿಸಿದಳು.

"ನೀರು ಕುಡಿದ್ರಾ?"

"ಕುಡಿದ್ರು ಅವ್ವ. ಮೂರು ಚಿಪ್ಪು."

"ತಣ್ಣಗಿತ್ತಾ?"

"ಇತ್ತವ್ವ. ಬಂಡೆಯೊಳಗಿನ ನೀರು."

ಅವಳು ಒಳಗೆ ಹೋದಳು. ಹಂಡೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಚೊಂಬಿನ ತುಂಬ ನೀರು ತಂದು, ಅಂಚು ತುಳುಕದ ಹಾಗೆ ನಡೆದು ಬಂದು, ಜಗಲಿಯ ಮೇಲಿಟ್ಟಳು.

ಬೆನಕಪ್ಪ ಸರಿದು ಜಾಗ ಮಾಡಿದ. "ಒಳಿಕ್ಕೆ ಬಾರ್ಲಾ ಎಡಚ, ಬಂದು ಕುಡಿ. ಎಷ್ಟೊತ್ತು ಅಲ್ಲೇ ನಿಂತಿರ್ತೀಯಾ?"